ಕತ್ತರಿಸಿ ತೆಗೆದದ್ದು ಮುಂದೆ ಏನಾಗುತ್ತಿತ್ತು?

ನನ್ನ ತಂಗಿಯ ಮಗಳು ಅಮೆರಿಕದಲ್ಲಿದ್ದಾಳೆ. ಒಂದು ರಾತ್ರಿ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡಿದಳು. "ದೊಡ್ಡಮ್ಮ, ನನಗೆ ಕ್ಯಾನ್ಸರ್ ಅಂತೆ. ಆದರೆ ಸ್ಟೇಜ್ ಸೊನ್ನೆ ಅಂತೆ. ಸೊನ್ನೆ ಅಂದಮೇಲೆ ಇದೆಯೋ, ಇಲ್ಲವೋ?" ಅವಳಿಗೆ 47 ವರ್ಷ. ಕೈಗೆ ಗಂಟು ಸಿಕ್ಕಿರಲಿಲ್ಲ, ನೋವೂ ಇರಲಿಲ್ಲ. ವರ್ಷವರ್ಷ ಮಾಡಿಸುವ ಮ್ಯಾಮೊಗ್ರಾಮಿನಲ್ಲಿ, ಅಂದರೆ ಸ್ತನದ ಎಕ್ಸ್‌ರೇಯಲ್ಲಿ, ಸುಣ್ಣದ ಚುಕ್ಕಿಗಳು ಕಂಡವು, ಸೂಜಿ ಹಾಕಿ ಚೂರು ತೆಗೆದರು, ರಿಪೋರ್ಟಿನಲ್ಲಿ ಡಿಸಿಐಎಸ್, ಅಂದರೆ ಡಕ್ಟಲ್ ಕಾರ್ಸಿನೋಮ ಇನ್ ಸಿಟು ಎಂದು ಬಂತು.

ನಾನು ಮೂವತ್ತು ವರ್ಷ ಮೈಕ್ರೊಸ್ಕೋಪಿನ ಮುಂದೆ ಕೂತ ಪೆಥಾಲಜಿಸ್ಟ್. ಸ್ಲೈಡ್ ನೋಡಿ ಕಾಯಿಲೆಯ ಹೆಸರು ಹೇಳುವುದೇ ನನ್ನ ಹೊಟ್ಟೆಪಾಡು. ಆದರೆ ಹೆಸರು ಅವಳಿಗೆ ಆಗಲೇ ಗೊತ್ತಿತ್ತು. ಅವಳಿಗೆ ಬೇಕಿದ್ದದ್ದು ಬೇರೆ: "ಇದನ್ನ ಹೀಗೇ ಬಿಟ್ಟರೆ ಏನಾಗುತ್ತೆ?" ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಲೈನ್ ಕಟ್ಟಾಯಿತೇನೋ ಅಂದುಕೊಂಡು ಅವಳು "ಹಲೋ, ಹಲೋ" ಅಂದಳು. ಇವತ್ತು ನಿಮ್ಮ ಮುಂದೆ ಹೇಳುವುದೆಲ್ಲ, ನಾನು ಯಾಕೆ ಸುಮ್ಮನಾದೆ ಅನ್ನುವುದರ ವಿವರಣೆ.

ಮೊದಲು ಜಾಗ ನೋಡೋಣ. ಸ್ತನದೊಳಗೆ ಒಂದು ಮರ ಇದೆ ಅಂದುಕೊಳ್ಳಿ. ತೊಟ್ಟಿನ ಕಡೆ ಬುಡ, ಒಳಗೆ ಹೋದ ಹಾಗೆ ಕವಲು, ಕವಲಿನ ತುದಿಯಲ್ಲಿ ಹಾಲು ಮಾಡುವ ಸಣ್ಣ ಗೊಂಚಲು. ಕವಲುಗಳೆಲ್ಲ ಪೊಳ್ಳು, ಹಾಲು ಹರಿಯುವ ನಾಳಗಳು. ಹೆಚ್ಚಿನ ಸ್ತನ ಕ್ಯಾನ್ಸರುಗಳು ಶುರುವಾಗುವುದು ಕೊನೆಯ ಕವಲು ಗೊಂಚಲಿಗೆ ಸೇರುವ ಜಾಗದಲ್ಲಿ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ವೆಲಿಂಗ್ಸ್ ಮತ್ತು ಅವರ ಜೊತೆಯವರು ಇಡೀ ಸ್ತನಗಳನ್ನು ದಪ್ಪ ಹೋಳುಗಳಾಗಿ ಕತ್ತರಿಸಿ, ಪಾರದರ್ಶಕ ಮಾಡಿ, ತಾಳ್ಮೆಯಿಂದ ನೋಡಿ ತೋರಿಸಿದ ಸಂಗತಿ ಇದು.

ನಾಳದ ಗೋಡೆಯಲ್ಲಿ ಎರಡು ಸಾಲು ಜೀವಕೋಶಗಳು. ಒಳಸಾಲು ಹಾಲಿನದು. ಹೊರಸಾಲಿನ ಕೋಶಗಳಿಗೆ ಮಾಂಸಖಂಡದ ಗುಣ. ಮಗು ಹಾಲು ಕುಡಿಯುವಾಗ ಹಿಂಡಿ ಹಾಲನ್ನು ಮುಂದಕ್ಕೆ ತಳ್ಳುವುದು ಇವೇ. ನಮ್ಮ ಭಾಷೆಯಲ್ಲಿ ಮಯೋಎಪಿಥೀಲಿಯಲ್ ಕೋಶಗಳು. ಅದರಾಚೆ ಕಾಗದಕ್ಕಿಂತ ತೆಳುವಾದ ತಳಪೊರೆ. ರಕ್ತನಾಳಗಳೂ ಲಿಂಫ್ ಎಂಬ ದ್ರವ ಹರಿಯುವ ನಾಳಗಳೂ ಇರುವುದು ಪೊರೆಯ ಆಚೆಗೆ. ಗದ್ದೆ ಮಾಡುವ ಮನೆಯವರು ಇಲ್ಲಿ ಬಹಳ ಮಂದಿ ಇದ್ದೀರಿ, ಹಾಗಾಗಿ ಈ ಹೊರಸಾಲು ಮತ್ತು ಪೊರೆಯನ್ನು ಸೇರಿಸಿ ಬದು ಅಂತಲೇ ಕರೆಯುತ್ತೇನೆ. ಕೆಟ್ಟ ಕೋಶಗಳು ಹುಟ್ಟಿ, ನಾಳ ತುಂಬುವಷ್ಟು ಬೆಳೆದು, ಆದರೂ ಬದು ದಾಟದೆ ಒಳಗೇ ಇದ್ದರೆ ಅದು ಡಿಸಿಐಎಸ್. ಬದು ದಾಟಿದರೆ ಇನ್ವೇಸಿವ್, ಅಂದರೆ ಆಚೀಚೆ ನುಗ್ಗುವ ಕ್ಯಾನ್ಸರ್. ಸ್ತನದೊಳಗಿರುವ ಕ್ಯಾನ್ಸರ್ ಯಾರನ್ನೂ ಕೊಲ್ಲುವುದಿಲ್ಲ. ಕೊಲ್ಲುವುದು ಎಲುಬಿಗೆ, ಶ್ವಾಸಕೋಶಕ್ಕೆ, ಪಿತ್ತಜನಕಾಂಗಕ್ಕೆ, ಮೆದುಳಿಗೆ ಹೋದದ್ದು. ಅಲ್ಲಿಗೆ ಹೋಗಬೇಕಾದರೆ ಬದು ದಾಟಲೇಬೇಕು.

ಕ್ಯಾನ್ಸರ್ ಅಂದರೆ ಏಡಿ ಅಂತಲೇ ಅರ್ಥ, ಕನ್ನಡದಲ್ಲಿ ಹಿಂದೆ ಏಡಿಗಂತಿ ಅನ್ನುತ್ತಿದ್ದರು. ಗಡ್ಡೆಯ ಸುತ್ತಲಿನ ಉಬ್ಬಿದ ರಕ್ತನಾಳ ಏಡಿಕಾಲಿನ ಹಾಗೆ ಕಂಡದ್ದರಿಂದ ಗ್ರೀಕರು ಇಟ್ಟ ಹೆಸರು ಎನ್ನುತ್ತಾರೆ. ನನಗೆ ಮಾತ್ರ ಆ ಹೆಸರು ಕೇಳಿದಾಗಲೆಲ್ಲ ನೆನಪಾಗುವುದು ಗದ್ದೆ ಬದುವಿನ ಏಡಿ ಬಿಲ. ಸಂಜೆ ನೀರು ಕಟ್ಟಿ ಬಂದರೆ ಬೆಳಿಗ್ಗೆ ಗದ್ದೆ ಖಾಲಿ. ಆಗ ಅಜ್ಜ ಕೇಳುತ್ತಿದ್ದ ಪ್ರಶ್ನೆ: ನೀರಿನ ಒತ್ತಡಕ್ಕೆ ಬದು ಒಡೆಯಿತೋ, ಏಡಿ ತೂತು ಮಾಡಿತೋ, ಅಥವಾ ಬದು ಕಟ್ಟಿದ ಮಣ್ಣೇ ಸಡಿಲವೋ? ಈ ಪ್ರಶ್ನೆಯನ್ನೇ ಈಗ ಜಗತ್ತಿನ ದೊಡ್ಡ ದೊಡ್ಡ ಪ್ರಯೋಗಾಲಯಗಳು ಕೋಟಿಗಟ್ಟಲೆ ಖರ್ಚು ಮಾಡಿ ಕೇಳುತ್ತಿವೆ.

ಮ್ಯಾಮೊಗ್ರಾಮಿನಲ್ಲಿ ಚುಕ್ಕಿ ಯಾಕೆ ಕಾಣುತ್ತದೆ ಅನ್ನುವುದಕ್ಕೂ ಉತ್ತರ ಈ ಬದುವಿನಲ್ಲೇ ಇದೆ. ನಾಳದೊಳಗೆ ರಕ್ತನಾಳ ಇಲ್ಲ. ಕೋಶಗಳು ಒಂದರ ಮೇಲೊಂದು ಬೆಳೆದು ನಾಳ ತುಂಬಿದಾಗ ಅಂಚಿನಲ್ಲಿದ್ದವಕ್ಕೆ ಆಚೆಯಿಂದ ಆಮ್ಲಜನಕ ಇಳಿದು ಬರುತ್ತದೆ, ನಡುವೆ ಇದ್ದವು ಉಸಿರುಗಟ್ಟಿ ಸಾಯುತ್ತವೆ. ಸತ್ತ ಕೋಶಗಳ ಮೇಲೆ ಸುಣ್ಣ ಕೂರುತ್ತದೆ. ಎಕ್ಸ್‌ರೇಯಲ್ಲಿ ಅದು ಕಪ್ಪು ಬಟ್ಟೆಯ ಮೇಲೆ ರವೆ ಚೆಲ್ಲಿದ ಹಾಗೆ ಕಾಣುತ್ತದೆ. ಡಿಸಿಐಎಸ್ ವಿಷಯದಲ್ಲಿ ಮ್ಯಾಮೊಗ್ರಾಮ್ ಹಿಡಿಯುವುದು ಬಹುಮಟ್ಟಿಗೆ ಈ ರವೆಯನ್ನು, ಕೆಟ್ಟ ಕೋಶಗಳನ್ನಲ್ಲ. ರವೆ ಕಂಡಲ್ಲೆಲ್ಲ ಕ್ಯಾನ್ಸರ್ ಇರುವುದಿಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹೆಚ್ಚಿನ ಸುಣ್ಣದ ಚುಕ್ಕಿಗಳು ನಿರಪಾಯ.

'ಇನ್ ಸಿಟು' ಎಂಬ ಲ್ಯಾಟಿನ್ ಮಾತಿಗೆ ಕನ್ನಡದಲ್ಲಿ ಚೆಂದದ ಪದ ಇದೆ: ಇದ್ದಲ್ಲೇ. ಇದ್ದಲ್ಲೇ ಇರುವ ಕ್ಯಾನ್ಸರ್ ಎಂಬ ಹೆಸರನ್ನು 1932ರಲ್ಲಿ ಬಳಕೆಗೆ ತಂದವರು ಅಮೆರಿಕದ ಮೇಯೊ ಕ್ಲಿನಿಕ್‌ನ ಪೆಥಾಲಜಿಸ್ಟ್ ಆಲ್ಬರ್ಟ್ ಬ್ರಾಡರ್ಸ್. ಆಗ ಇದು ಅಪರೂಪದ ಕಾಯಿಲೆ. ತೊಟ್ಟಿನಿಂದ ರಕ್ತ ಬಂದೋ, ನಾಳಗಳೆಲ್ಲ ತುಂಬಿ ಗಂಟಾಗಿಯೋ ಬಂದವರಲ್ಲಿ ಮಾತ್ರ ಸಿಗುತ್ತಿತ್ತು; ಸ್ತನ ಕ್ಯಾನ್ಸರಿನ ನೂರರಲ್ಲಿ ಐದೂ ಇರಲಿಲ್ಲ. ಸಿಕ್ಕಿದರೆ ಇಡೀ ಸ್ತನ ತೆಗೆಯುತ್ತಿದ್ದರು, ಅದರ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. 1980ರ ದಶಕದಲ್ಲಿ ಮ್ಯಾಮೊಗ್ರಾಮ್ ಊರೂರಿಗೆ ಬಂತು. 1988ರಲ್ಲಿ ಇಂಗ್ಲೆಂಡ್ 50ರಿಂದ 64 ವರ್ಷದೊಳಗಿನ ಹೆಂಗಸರಿಗೆಲ್ಲ ತಪಾಸಣೆ ಶುರುಮಾಡಿತು. ಏನೂ ತೊಂದರೆಯಿಲ್ಲದೆ ನಡೆದಾಡುತ್ತಿದ್ದವರಲ್ಲಿ ರವೆ ಕಾಣತೊಡಗಿತು. ಈಗ ಅಂಥ ದೇಶಗಳಲ್ಲಿ ತಪಾಸಣೆಯಿಂದ ಸಿಗುವ ಸ್ತನ ಕ್ಯಾನ್ಸರುಗಳಲ್ಲಿ ಐದಕ್ಕೊಂದು ಡಿಸಿಐಎಸ್. ಅಮೆರಿಕವೊಂದರಲ್ಲೇ ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು.

ಎಲ್ಲರದೂ ಸರಳವಾದ ಲೆಕ್ಕ. ಬದು ಒಡೆಯುವ ಮೊದಲೇ ಹಿಡಿದು ತೆಗೆದುಬಿಟ್ಟರೆ ಬದು ಒಡೆದ ಕ್ಯಾನ್ಸರುಗಳು ಅಷ್ಟೇ ಕಡಿಮೆಯಾಗಬೇಕಲ್ಲ? ವರ್ಷಕ್ಕೆ ಹತ್ತಾರು ಸಾವಿರ ತೆಗೆದರು. ಆಚೆ ಬದಿಯ ಸಂಖ್ಯೆ ಆ ಪ್ರಮಾಣದಲ್ಲಿ ಇಳಿಯಲಿಲ್ಲ. ಅಂದರೆ ತೆಗೆದದ್ದರಲ್ಲಿ ಬಹಳಷ್ಟು, ಬಿಟ್ಟಿದ್ದರೂ ಒಡೆಯುತ್ತಿರಲಿಲ್ಲ. ಯಾವುವು ಅಂಥವು? ಇಲ್ಲೇ ಸಿಕ್ಕು. ಕಾಯಿಲೆ ಹೇಗೆ ಸಾಗುತ್ತದೆ ಎಂದು ತಿಳಿಯಬೇಕಾದರೆ ಅದನ್ನು ಅದರ ಪಾಡಿಗೆ ಬಿಟ್ಟು ನೋಡಬೇಕು. ನಾವು ಕಂಡಕಂಡದ್ದನ್ನೆಲ್ಲ ಕತ್ತರಿಸಿ ಫಾರ್ಮಲಿನ್ ಡಬ್ಬಿಗೆ ಹಾಕಿದ್ದೇವೆ. ಡಬ್ಬಿಯಲ್ಲಿದ್ದದ್ದು ಹತ್ತು ವರ್ಷದ ನಂತರ ಏನಾಗುತ್ತಿತ್ತು ಅಂತ ಯಾವ ಮೈಕ್ರೊಸ್ಕೋಪೂ ಹೇಳುವುದಿಲ್ಲ.

ಹಾಗಾದರೆ ನಮಗೆ ಗೊತ್ತಿರುವಷ್ಟಾದರೂ ಎಲ್ಲಿಂದ ಬಂತು? ಮೊದಲನೆಯದಾಗಿ, ನನ್ನಂಥವರ ತಪ್ಪುಗಳಿಂದ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಡೇವಿಡ್ ಪೇಜ್ ಎಂಬ ಪೆಥಾಲಜಿಸ್ಟ್ ಇದ್ದರು. 1950ರಿಂದ 1968ರವರೆಗೆ ಅಲ್ಲಿ 'ಏನೂ ಇಲ್ಲ, ಸಾಧು ಗಂಟು' ಎಂದು ಕಳಿಸಿದ್ದ 11,760 ಬಯಾಪ್ಸಿಗಳ ಸ್ಲೈಡುಗಳನ್ನು ಅವರ ತಂಡ ಮತ್ತೆ ನೋಡಿತು. ಹನ್ನೊಂದು ಸಾವಿರ! ನಮ್ಮ ಕೆಲಸ ಗೊತ್ತಿದ್ದವರಿಗೆ ಕತ್ತು ನೋವು ಬರುತ್ತದೆ ಈ ಸಂಖ್ಯೆ ಕೇಳಿದರೇ. ಅದರಲ್ಲಿ 28 ಹೆಂಗಸರಿಗೆ ನಿಜವಾಗಿ ಸೌಮ್ಯ ರೂಪದ, ಅಂದರೆ ಕಡಿಮೆ ಗ್ರೇಡಿನ ಡಿಸಿಐಎಸ್ ಇತ್ತು. ಆ ಕಾಲದ ಕಣ್ಣಿಗೆ ಅದು ಕಂಡಿರಲಿಲ್ಲ. ಬಯಾಪ್ಸಿ ಬಿಟ್ಟರೆ ಅವರಿಗೆ ಯಾವ ಚಿಕಿತ್ಸೆಯೂ ಆಗಿರಲಿಲ್ಲ. ಅವರು ಮುಂದೆ ಏನಾದರು ಎಂದು ದಶಕಗಟ್ಟಲೆ ಬೆನ್ನು ಹತ್ತಿದರು. 28ರಲ್ಲಿ 11 ಮಂದಿಗೆ ಬದು ಒಡೆದ ಕ್ಯಾನ್ಸರ್ ಬಂತು, ಎಲ್ಲರಿಗೂ ಅದೇ ಸ್ತನದಲ್ಲಿ, ಅದೇ ಭಾಗದಲ್ಲಿ. ಏಳು ಮಂದಿಗೆ ಹತ್ತು ವರ್ಷದೊಳಗೆ, ಒಬ್ಬರಿಗೆ ಹನ್ನೆರಡನೆಯ ವರ್ಷ. ಉಳಿದ ಮೂವರಿಗೆ 23ರಿಂದ 42 ವರ್ಷದ ನಡುವೆ. ಹನ್ನೊಂದರಲ್ಲಿ ಐವರಿಗೆ ಅದು ದೂರದ ಅಂಗಗಳಿಗೆ ಹರಡಿತು. ಇನ್ನುಳಿದ 17 ಮಂದಿಗೆ? ಅವರಿಗೆ ಏನೂ ಬರಲಿಲ್ಲ.

ಎರಡನೆಯ ದಾರಿ ಶವಪರೀಕ್ಷೆ. ಬೇರೆ ಯಾವುದೋ ಕಾರಣಕ್ಕೆ ಸತ್ತ, ಸ್ತನದ ಕಾಯಿಲೆ ಇದೆಯೆಂದು ಯಾರಿಗೂ ಗೊತ್ತೇ ಇರದಿದ್ದ ಹೆಂಗಸರ ಸ್ತನಗಳನ್ನು ಪರೀಕ್ಷಿಸಿದ ಏಳು ಅಧ್ಯಯನಗಳನ್ನು 1997ರಲ್ಲಿ ಅಮೆರಿಕದ ವೈದ್ಯರಾದ ವೆಲ್ಚ್ ಮತ್ತು ಬ್ಲ್ಯಾಕ್ ಒಟ್ಟು ಹಾಕಿದರು. ನೂರರಲ್ಲಿ ಸುಮಾರು ಒಂಬತ್ತು ಮಂದಿಯಲ್ಲಿ ಡಿಸಿಐಎಸ್ ಇತ್ತು. ಅದರ ಜೊತೆಗೇ ಬದುಕಿ, ಅದರಿಂದಲ್ಲದೆ ಸತ್ತವರು ಅವರು. ಎಷ್ಟು ತೆಳುವಾಗಿ ಹೋಳು ಮಾಡಿ ಎಷ್ಟು ಸ್ಲೈಡ್ ನೋಡಿದರು ಅನ್ನುವುದರ ಮೇಲೆ ಸಂಖ್ಯೆ ಸೊನ್ನೆಯಿಂದ ಹದಿನೈದರವರೆಗೆ ಏರಿಳಿದಿತ್ತು. ಹುಡುಕಿದಷ್ಟೂ ಸಿಗುವ ಕಾಯಿಲೆ ಇದು.

ನ್ಯಾಶ್‌ವಿಲ್‌ನ ಹನ್ನೊಂದು ಮಂದಿಯನ್ನು ನೋಡಿದರೆ ಎಲ್ಲವನ್ನೂ ತೆಗೆಯಬೇಕು ಅನ್ನಿಸುತ್ತದೆ. ಶವಪರೀಕ್ಷೆಯ ಲೆಕ್ಕ ನೋಡಿದರೆ ಮುಟ್ಟಲೇಬಾರದು ಅನ್ನಿಸುತ್ತದೆ. 2013ರಲ್ಲಿ ಅಮೆರಿಕದ ಸರ್ಜನ್ ಲಾರಾ ಎಸ್ಸರ್‌ಮನ್ ಮುಂತಾದವರು ಇಂಥ ಕಾಯಿಲೆಗಳ ಹೆಸರಿನಿಂದ ಕ್ಯಾನ್ಸರ್ ಅನ್ನುವ ಮಾತನ್ನೇ ತೆಗೆದುಬಿಡೋಣ ಎಂದರು. ಗೊಂಚಲಿನಲ್ಲಿ ಹುಟ್ಟುವ, ಲೋಬ್ಯುಲರ್ ಎಂಬ ಇದರ ದಾಯಾದಿಯನ್ನು ಕ್ಯಾನ್ಸರ್ ಹಂತಗಳ ಪಟ್ಟಿಯಿಂದ ಆಮೇಲೆ ತೆಗೆದೂ ಹಾಕಿದರು. ಡಿಸಿಐಎಸ್ ವಿಷಯದಲ್ಲಿ ನನಗೆ ಅಷ್ಟು ಧೈರ್ಯ ಇಲ್ಲ. ಹೆಸರು ಬದಲಿಸಿದರೆ ಭಯ ಕಡಿಮೆಯಾಗಬಹುದು, ಆದರೆ ಆ ಐವರನ್ನು ಏನೆಂದು ಕರೆಯುವುದು?

ಚಿಕಿತ್ಸೆಯ ಪ್ರಯೋಗಗಳಿಂದಲೂ ಸ್ವಲ್ಪ ತಿಳಿಯಿತು. ಬರ್ನಾರ್ಡ್ ಫಿಶರ್ ಎಂಬ ಪಿಟ್ಸ್‌ಬರ್ಗಿನ ಸರ್ಜನ್, ಸ್ತನ ಕ್ಯಾನ್ಸರಿಗೆ ಇಡೀ ಎದೆ ಕೆತ್ತುವುದು ಬೇಡ ಎಂದು ಹಳಬರ ಜೊತೆ ಜೀವಮಾನವಿಡೀ ಜಗಳವಾಡಿದವರು. 1985ರಿಂದ 1990ರೊಳಗೆ ಅವರ ತಂಡ 818 ಹೆಂಗಸರನ್ನು ಎರಡು ಪಾಲು ಮಾಡಿತು. ಎಲ್ಲರಿಗೂ ಡಿಸಿಐಎಸ್ ಇದ್ದಷ್ಟು ಭಾಗ ಮಾತ್ರ ತೆಗೆದು, ಒಂದು ಪಾಲಿನವರಿಗೆ ಮಾತ್ರ ರೇಡಿಯೇಷನ್ ಕೊಟ್ಟರು. ರೇಡಿಯೇಷನ್ ಪಡೆದವರಲ್ಲಿ ಅದೇ ಸ್ತನದಲ್ಲಿ ಮತ್ತೆ ಬರುವುದು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಇಂಥ ನಾಲ್ಕು ಪ್ರಯೋಗಗಳನ್ನು 2010ರಲ್ಲಿ ಸೇರಿಸಿ ನೋಡಿದಾಗಲೂ ಹಾಗೆಯೇ: ಹತ್ತು ವರ್ಷದಲ್ಲಿ 28 ಶೇಕಡಾ ಇದ್ದದ್ದು 13 ಆಯಿತು. ಆದರೆ ಸಾವಿನ ಸಂಖ್ಯೆಯಲ್ಲಿ ವ್ಯತ್ಯಾಸ ಬರಲಿಲ್ಲ. ಮತ್ತೆ ಬಂದದ್ದರಲ್ಲಿ ಸುಮಾರು ಅರ್ಧ ಬದುವಿನೊಳಗಿನದೇ, ಅರ್ಧ ಬದು ಒಡೆದದ್ದು.

ಆ ಸಾವಿನ ಲೆಕ್ಕ ಎಲ್ಲರ ತಲೆ ಕೆಡಿಸಿತು. 2015ರಲ್ಲಿ ಟೊರಾಂಟೊದ ಸ್ಟೀವನ್ ನರೋಡ್, ಅಮೆರಿಕದ ದಾಖಲೆಗಳಲ್ಲಿದ್ದ 1,08,196 ಹೆಂಗಸರ ವಿವರ ತೆಗೆದರು. ಡಿಸಿಐಎಸ್ ಆದವರಲ್ಲಿ 20 ವರ್ಷದೊಳಗೆ ಸ್ತನ ಕ್ಯಾನ್ಸರಿನಿಂದ ಸತ್ತವರು ನೂರಕ್ಕೆ 3.3. 35 ವರ್ಷ ತುಂಬುವ ಮೊದಲೇ ಕಾಯಿಲೆ ಪತ್ತೆಯಾದವರಲ್ಲಿ ಮಾತ್ರ ಇದು 7.8, ಕಪ್ಪು ಜನಾಂಗದ ಹೆಂಗಸರಲ್ಲಿ 7. ಇನ್ನೊಂದು ಸಂಗತಿ ನನ್ನನ್ನು ಬಹಳ ದಿನ ಕಾಡಿತು. ಅವರಲ್ಲಿ 517 ಮಂದಿ ಸ್ತನದಲ್ಲಿ ಬದು ಒಡೆದ ಕ್ಯಾನ್ಸರ್ ಕಾಣಿಸಿಕೊಳ್ಳದೆಯೇ ಸ್ತನ ಕ್ಯಾನ್ಸರಿನಿಂದ ಸತ್ತಿದ್ದರು. ಬದು ಎಲ್ಲಿ ಒಡೆಯಿತು? ನನ್ನಂಥವರು ಸ್ಲೈಡಿನಲ್ಲಿ ಸಣ್ಣ ತೂತೊಂದನ್ನು ನೋಡದೆ ಬಿಟ್ಟೆವೋ, ತೂತು ಇಲ್ಲದೆಯೂ ಕೋಶ ನುಸುಳಬಲ್ಲದೋ? ನಾವು ಒಂದು ಗಂಟಿನಿಂದ ಕೆಲವೇ ಹೋಳು ನೋಡುತ್ತೇವೆ. ಇಡೀ ಹೊಲದ ಬದುವಿನಲ್ಲಿ ನಾಲ್ಕು ಮಾರು ನಡೆದು ಬಂದು ಎಲ್ಲೂ ಬಿಲ ಇಲ್ಲ ಅಂದ ಹಾಗೆ.

ನರೋಡ್ ಅವರ ಸಂಖ್ಯೆ ಕೇಳಿ ಪತ್ರಿಕೆಗಳು 'ಹೆದರಬೇಡಿ' ಎಂದು ಬರೆದವು. 2020ರಲ್ಲಿ ಇಂಗ್ಲೆಂಡಿನಿಂದ ಮತ್ತೊಂದು ಲೆಕ್ಕ ಬಂತು. ಅಲ್ಲಿ 1988ರಿಂದ 2014ರವರೆಗೆ ತಪಾಸಣೆಯಲ್ಲಿ ಡಿಸಿಐಎಸ್ ಸಿಕ್ಕ 35,024 ಮಂದಿಯಲ್ಲಿ ಬದು ಒಡೆದ ಕ್ಯಾನ್ಸರ್ ಬಂದದ್ದು ಸಾಮಾನ್ಯರಿಗೆ ಬರುವ ಎರಡರಷ್ಟಕ್ಕೂ ಹೆಚ್ಚು. ಸ್ತನ ಕ್ಯಾನ್ಸರಿನ ಸಾವು 70 ಶೇಕಡಾ ಹೆಚ್ಚು. ಎರಡೂ ನಿಜ. ಸಣ್ಣ ಸಂಖ್ಯೆ ಎರಡರಷ್ಟಾದರೂ ಸಣ್ಣದೇ, ಆದರೆ ಆ ಸಣ್ಣ ಸಂಖ್ಯೆಯೊಳಗೆ ಬಿದ್ದವಳಿಗೆ ಅದು ನೂರಕ್ಕೆ ನೂರು.

ಇಲ್ಲಿ ನನ್ನ ಕಸುಬಿನ ಒಂದು ಗುಟ್ಟು ಹೇಳಬೇಕು. 2015ರಲ್ಲಿ ಜೋಆನ್ ಎಲ್ಮೋರ್ ಎಂಬ ವೈದ್ಯೆ ಅಮೆರಿಕದ 115 ಪೆಥಾಲಜಿಸ್ಟರಿಗೆ ಸ್ತನದ ಸ್ಲೈಡುಗಳನ್ನು ಕೊಟ್ಟು ಪರೀಕ್ಷೆ ಮಾಡಿದರು. ತಜ್ಞರ ತೀರ್ಮಾನದ ಜೊತೆ ತಾಳೆ ನೋಡಿದರು. ಬದು ಒಡೆದದ್ದನ್ನು ಗುರುತಿಸುವುದರಲ್ಲಿ 96 ಶೇಕಡಾ ಹೊಂದಾಣಿಕೆ. ಡಿಸಿಐಎಸ್‌ಗೆ 84. ಅದಕ್ಕೂ ಹಿಂದಿನ ಮೆಟ್ಟಿಲು, ಕೋಶಗಳು ಸ್ವಲ್ಪ ಹದ ತಪ್ಪಿವೆ ಅನ್ನುವ ಹಂತ, ಅದರಲ್ಲಿ ಬರೀ 48. ನಾಣ್ಯ ಚಿಮ್ಮಿದ ಹಾಗೆ! ನನಗೆ ಇದರಲ್ಲಿ ಆಶ್ಚರ್ಯವಾಗಲಿಲ್ಲ. ಎರಡು ನಾಳ ತುಂಬಿದ್ದರೆ ಒಂದು ಹೆಸರು, ಒಂದೂವರೆ ತುಂಬಿದ್ದರೆ ಇನ್ನೊಂದು ಹೆಸರು ಇಡುವ ಕಡೆ ಎಷ್ಟೋ ಸಲ ಪಕ್ಕದ ಟೇಬಲ್ಲಿನವರಿಗೆ ಸ್ಲೈಡ್ ದಾಟಿಸಿ 'ನೀವೇನಂತೀರಿ' ಎಂದು ಕೇಳಿದ್ದೇನೆ. ಅವರು 'ನೀವು ಬರೆದದ್ದೇ ಸರಿ' ಎಂದು ನೋಡದೆಯೇ ವಾಪಸು ಕೊಟ್ಟದ್ದೂ ಇದೆ.

ಈಗ ಕೋಶದೊಳಗೆ ಹೋಗೋಣ. ನಾವೆಲ್ಲ ಓದಿದ್ದು ಏಣಿಯ ಕಥೆ: ಮೊದಲು ಸ್ವಲ್ಪ ಕೆಡುವುದು, ಆಮೇಲೆ ಕಡಿಮೆ ಗ್ರೇಡು, ಆಮೇಲೆ ಹೆಚ್ಚು ಗ್ರೇಡು, ಆಮೇಲೆ ಬದು ಒಡೆಯುವುದು. ವರ್ಣತಂತುಗಳನ್ನು ನೋಡಿದಾಗ ಏಣಿ ಮುರಿಯಿತು. ಕಡಿಮೆ ಗ್ರೇಡಿನವುಗಳಲ್ಲಿ ಹದಿನಾರನೆಯ ವರ್ಣತಂತುವಿನ ಉದ್ದ ತೋಳು ಕಳೆದುಹೋಗಿರುವುದು ಸಾಮಾನ್ಯ. ಹೆಚ್ಚು ಗ್ರೇಡಿನವುಗಳಲ್ಲಿ ಅದು ಅಪರೂಪ. ಕಳೆದುಹೋದ ತೋಳು ಮತ್ತೆ ಮೂಡುವುದಿಲ್ಲವಲ್ಲ, ಹಾಗಾಗಿ ಇದು ಬೆಳೆದು ಅದಾಗುವುದು ಕಷ್ಟ. ಇವು ಎರಡು ಬೇರೆ ಬೇರೆ ದಾರಿಗಳು. ಸೌಮ್ಯವಾದದ್ದು ಬದು ಒಡೆದರೂ ಸಾಮಾನ್ಯವಾಗಿ ಸೌಮ್ಯ ಕ್ಯಾನ್ಸರೇ ಆಗುತ್ತದೆ. ಹರ್-2 ಎಂಬ ಪ್ರೋಟೀನಿನದು ಇನ್ನೂ ವಿಚಿತ್ರ. ಬದು ಒಡೆದ ಕ್ಯಾನ್ಸರಿನಲ್ಲಿ ಅದು ಕೆಟ್ಟ ಲಕ್ಷಣ ಎಂದು ಎಲ್ಲರಿಗೂ ಗೊತ್ತು. ಆದರೆ ಅದು ಹೆಚ್ಚಾಗಿ ಕಾಣುವುದು ಬದುವಿನೊಳಗೆ ಇರುವವುಗಳಲ್ಲಿ. ಆಚೆ ಹೋದವುಗಳಲ್ಲಿ ಅದರ ಪಾಲು ಕಡಿಮೆ. ಬದು ಒಡೆಯುವ ಗುದ್ದಲಿ ಅದೇ ಆಗಿದ್ದರೆ ಲೆಕ್ಕ ತಿರುಗಾ ಇರಬೇಕಿತ್ತು.

ಬೇರೆ ಯಾವುದಾದರೂ ಗುದ್ದಲಿ ಇರಬೇಕಲ್ಲ, ಬದು ಒಡೆಯುವ ಹೊತ್ತಿಗೆ ಹೊಸದಾಗಿ ಕೆಟ್ಟ ಜೀನ್? ಹೂಸ್ಟನ್‌ನ ಎಂಡಿ ಆಂಡರ್ಸನ್ ಕ್ಯಾನ್ಸರ್ ಕೇಂದ್ರದಲ್ಲಿ ನಿಕೊಲಸ್ ನವಿನ್ ಅವರ ತಂಡ 2018ರಲ್ಲಿ ಹುಡುಕಿತು. ಹತ್ತು ರೋಗಿಗಳ ಗಂಟುಗಳಲ್ಲಿ ಬದುವಿನ ಒಳಗೂ ಹೊರಗೂ ಇದ್ದ 1,293 ಕೋಶಗಳನ್ನು ಅವು ಇದ್ದ ಜಾಗ ಗುರುತುಹಾಕಿಕೊಂಡು ಒಂದೊಂದನ್ನೇ ಹೆಕ್ಕಿ, ಒಂದೊಂದರ ಜೀನ್ ಓದಿದರು. ಹೊರಗಿದ್ದವುಗಳಲ್ಲಿ ಒಳಗಿಲ್ಲದ ಹೊಸ ಕೆಡುಕು ಸಿಗುತ್ತದೆ ಎಂಬ ನಿರೀಕ್ಷೆ. ಅದು ಹುಸಿಯಾಯಿತು. ಕೆಡಬೇಕಾದ್ದೆಲ್ಲ ನಾಳದೊಳಗೇ ಮೊದಲೇ ಕೆಟ್ಟಿತ್ತು. ಅಷ್ಟೇ ಅಲ್ಲ, ಹೊರಗೆ ಹೋದದ್ದು ಒಬ್ಬ ಕಳ್ಳನ ಸಂತತಿಯಲ್ಲ. ಬೇರೆ ಬೇರೆ ವಂಶದ ಕೋಶಗಳು ಕೂಡಿಯೇ ಹೊರಬಿದ್ದಿದ್ದವು.

ಆಮ್‌ಸ್ಟರ್‌ಡಾಮಿನ ಯೆಲ್ಲೆ ವೆಸೆಲಿಂಗ್ ಮುಂದಾಳುತನದ ಪ್ರಿಸಿಷನ್ ಯೋಜನೆಗೆ ಬ್ರಿಟನ್ನಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ದೊಡ್ಡ ಮೊತ್ತ ಕೊಟ್ಟಿತು. ಅವರು ಕೇಳಿದ್ದು ಪತ್ತೇದಾರರು ಕೇಳುವ ಪ್ರಶ್ನೆ. ಡಿಸಿಐಎಸ್ ತೆಗೆಸಿಕೊಂಡವಳಿಗೆ ಎಷ್ಟೋ ವರ್ಷದ ಮೇಲೆ ಅದೇ ಸ್ತನದಲ್ಲಿ ಬದು ಒಡೆದ ಕ್ಯಾನ್ಸರ್ ಬಂದರೆ, ಅದು ಹಳೆಯದರ ಮಗುವೋ, ಬೇರೆಯವರ ಮಗುವೋ? 2022ರಲ್ಲಿ ಪ್ರಕಟಿಸಿದ ಉತ್ತರ: ನಾಲ್ಕರಲ್ಲಿ ಮೂರು ಪಾಲು ಹಳೆಯದರ ವಂಶದ್ದೇ. ಆದರೆ ನೂರರಲ್ಲಿ 18ಕ್ಕೆ ಹಳೆಯದರ ಜೊತೆ ಯಾವ ನೆಂಟಸ್ತಿಕೆಯೂ ಇಲ್ಲ, ಹೊಸದಾಗಿ ಹುಟ್ಟಿದ್ದು. ಇಷ್ಟು ವರ್ಷ ನಾವು 'ಮತ್ತೆ ಬಂತು' ಎಂದು ಬರೆದ ಎಷ್ಟೋ ಕ್ಯಾನ್ಸರುಗಳು ಮತ್ತೆ ಬಂದವೇ ಅಲ್ಲ. ಮೊದಲನೆಯದನ್ನು ಎಷ್ಟು ಚೊಕ್ಕಟವಾಗಿ ತೆಗೆದಿದ್ದರೂ ಅವು ಬರುತ್ತಿದ್ದವು.

ಇನ್ನು ಬದು. ಪೆಥಾಲಜಿಸ್ಟರು ಬದು ಇದೆಯೋ ಇಲ್ಲವೋ ನೋಡಲು ಪಿ63 ಎಂಬ ಬಣ್ಣ ಹಾಕುತ್ತೇವೆ. ಹೊರಸಾಲಿನ ಕೋಶಗಳು ನಾಳದ ಸುತ್ತ ಕಂದು ಮಣಿಯ ಸರದ ಹಾಗೆ ಕಾಣುತ್ತವೆ. ಸರ ಅಲ್ಲಲ್ಲಿ ಹರಿದಿದ್ದರೆ ನಮಗೆ ಎದೆ ಧಸಕ್ಕೆನ್ನುತ್ತದೆ. ಇದು ಇನ್ನೇನು ಒಡೆಯುತ್ತದೆ ಅನ್ನಿಸುತ್ತದೆ. ಸ್ಟ್ಯಾನ್‌ಫರ್ಡಿನ ಮೈಕಲ್ ಏಂಜೆಲೊ ಅವರ ತಂಡ ಒಂದೇ ಹೋಳಿನಲ್ಲಿ 37 ಬಗೆಯ ಗುರುತುಗಳನ್ನು ಒಟ್ಟಿಗೆ ನೋಡುವ ವಿಧಾನದಿಂದ 79 ಮಂದಿಯ ಅಂಗಾಂಶ ಪರೀಕ್ಷಿಸಿತು. ಅವರಲ್ಲಿ ಡಿಸಿಐಎಸ್ ಇದ್ದು ಆಮೇಲೆ ಬದು ಒಡೆದ ಕ್ಯಾನ್ಸರ್ ಬಂದವರೂ ಇದ್ದರು, ಬರದವರೂ ಇದ್ದರು. 2022ರ ಆರಂಭದಲ್ಲಿ ಅವರ ಪ್ರಬಂಧ ಓದಿ ನಾನು ಎರಡನೆಯ ಸಲ ಓದಿದೆ, ತಿರುಗಾಮುರುಗಾ ಅಚ್ಚಾಗಿದೆಯೇನೋ ಎಂದು. ಹೊರಸಾಲು ಹೆಚ್ಚು ಹರಿದಿದ್ದದ್ದು ಮುಂದೆ ಕ್ಯಾನ್ಸರ್ ಬರದವರಲ್ಲಿ! ಬದು ಗಟ್ಟಿಯಿದ್ದವರಲ್ಲೇ ಆಮೇಲೆ ಒಡೆಯಿತು.

ಯಾಕಿರಬಹುದು? ಹೊರಸಾಲು ತೆಳುವಾದಾಗ ಆಚೆಯ ರೋಗನಿರೋಧಕ ಕೋಶಗಳಿಗೆ ಒಳಗಿನದು ಕಾಣುತ್ತದೆ, ಅವು ಎಚ್ಚೆತ್ತುಕೊಳ್ಳುತ್ತವೆ. ಆ ಸಾಲು ಗಟ್ಟಿಯಿದ್ದರೆ ಕಳ್ಳನಿಗೇ ಅದು ಕೋಟೆಯಾಗುತ್ತದೆ ಎಂಬುದು ಒಂದು ಊಹೆ. ಇನ್ನೂ ಊಹೆಯೇ. ಬೇರೆಯವರು ಬೇರೆ ರೋಗಿಗಳಲ್ಲಿ ಇದನ್ನೇ ಕಂಡರೆ ಮಾತ್ರ ನಾನು ನಂಬುತ್ತೇನೆ. ಆದರೂ ಅಂದಿನಿಂದ ಹರಿದ ಕಂದು ಸರ ಕಂಡರೆ ಎದೆ ಮೊದಲಿನ ಹಾಗೆ ಧಸಕ್ಕೆನ್ನುವುದಿಲ್ಲ.

ಕೊನೆಗೂ ಕೆಲವರು ಧೈರ್ಯ ಮಾಡಿ, ಕತ್ತರಿಸದೆ ಕಾದು ನೋಡುವ ಪ್ರಯೋಗಕ್ಕೇ ಇಳಿದರು. ಬ್ರಿಟನ್ನಿನಲ್ಲಿ ಲೋರಿಸ್, ನೆದರ್ಲೆಂಡ್ಸಿನಲ್ಲಿ ಲಾರ್ಡ್, ಅಮೆರಿಕದಲ್ಲಿ ಕಾಮೆಟ್. ಅಪಾಯ ಕಡಿಮೆ ಅನ್ನಿಸುವ ಡಿಸಿಐಎಸ್ ಇರುವವರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡುವುದು, ಒಂದಕ್ಕೆ ಆಪರೇಷನ್, ಇನ್ನೊಂದಕ್ಕೆ ಬರೀ ನಿಗಾ. ಲೋರಿಸ್ ಸಾಕಷ್ಟು ಮಂದಿ ಸೇರದೆ ನಿಂತುಹೋಯಿತು. ಲಾರ್ಡ್‌ನವರು ಚೀಟಿ ಎತ್ತುವುದನ್ನು ಕೈಬಿಟ್ಟು, ಹೆಂಗಸರೇ ಆರಿಸಿಕೊಳ್ಳಲಿ ಎಂದರು. ನೀವೇ ಯೋಚಿಸಿ, ನಿಮ್ಮ ಸ್ತನದಲ್ಲಿರುವುದನ್ನು ತೆಗೆಯಬೇಕೋ ಬಿಡಬೇಕೋ ಎಂದು ಕಂಪ್ಯೂಟರ್ ಚೀಟಿ ಎತ್ತುತ್ತದೆ ಅಂದರೆ ಯಾರು ಒಪ್ಪುತ್ತೀರಿ?

ಕಾಮೆಟ್‌ಗೆ 957 ಮಂದಿ ಒಪ್ಪಿದರು. ಅವರಿಗೆ ನಾನು ಮನಸ್ಸಿನಲ್ಲೇ ಕೈಮುಗಿದಿದ್ದೇನೆ. ಡ್ಯೂಕ್ ವಿಶ್ವವಿದ್ಯಾಲಯದ ಸರ್ಜನ್ ಶೆಲ್ಲಿ ಹ್ವಾಂಗ್ 2024ರ ಡಿಸೆಂಬರಿನಲ್ಲಿ ಮೊದಲ ಎರಡು ವರ್ಷದ ಫಲಿತಾಂಶ ಕೊಟ್ಟರು. ಆಪರೇಷನ್ ಗುಂಪಿನಲ್ಲಿ ಬದು ಒಡೆದ ಕ್ಯಾನ್ಸರ್ ಕಂಡದ್ದು 5.9 ಶೇಕಡಾ, ನಿಗಾ ಗುಂಪಿನಲ್ಲಿ 4.2. ಕಾದು ನೋಡಿದ್ದರಿಂದ ಕೆಟ್ಟದ್ದೇನೂ ಆಗಲಿಲ್ಲ ಎಂದಾಯಿತು.

ಆದರೆ ನಿಲ್ಲಿ. ಮೊದಲನೆಯದಾಗಿ, ಇವರೆಲ್ಲ 40 ದಾಟಿದವರು, ಗ್ರೇಡ್ ಒಂದು ಅಥವಾ ಎರಡು, ಹಾರ್ಮೋನಿಗೆ ಸ್ಪಂದಿಸುವ ಬಗೆ. ಎಲ್ಲಕ್ಕಿಂತ ಉಗ್ರವಾದ ಗ್ರೇಡ್ ಮೂರಿನವರನ್ನು ಸೇರಿಸಿಯೇ ಇಲ್ಲ. ನಿಗಾ ಅಂದರೆ ಮನೆಯಲ್ಲಿ ಸುಮ್ಮನೆ ಕೂರುವುದಲ್ಲ, ಆರು ತಿಂಗಳಿಗೊಮ್ಮೆ ಮ್ಯಾಮೊಗ್ರಾಮ್. ಅವರಲ್ಲಿ ಹತ್ತಕ್ಕೆ ಏಳು ಮಂದಿ ಹಾರ್ಮೋನ್ ತಡೆಯುವ ಮಾತ್ರೆಯನ್ನೂ ತೆಗೆದುಕೊಂಡರು. ಆಪರೇಷನ್ ಗುಂಪಿನ 473 ಮಂದಿಯಲ್ಲಿ ನಿಜಕ್ಕೂ ಆಪರೇಷನ್ ಮಾಡಿಸಿಕೊಂಡವರು 264. ನಿಗಾ ಗುಂಪಿನಲ್ಲೂ 82 ಮಂದಿ ಮಾಡಿಸಿಕೊಂಡರು. ಮನುಷ್ಯರು ಇಲಿಗಳಲ್ಲ, ಚೀಟಿಯಲ್ಲಿ ಬಂದದ್ದನ್ನು ಕೇಳುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಎರಡು ವರ್ಷ ಏನೂ ಅಲ್ಲ. ನ್ಯಾಶ್‌ವಿಲ್‌ನಲ್ಲಿ ಇಪ್ಪತ್ಮೂರನೆಯ ವರ್ಷದ ಮೇಲೂ ಬದು ಒಡೆದದ್ದನ್ನು ಆಗಲೇ ಹೇಳಿದೆ.

ನಮ್ಮ ಕಡೆಗೆ ಬರುತ್ತೇನೆ. ನಾನು ಕೆಲಸ ಮಾಡಿದ ಕಾಲದಲ್ಲಿ ಶುದ್ಧ ಡಿಸಿಐಎಸ್ ನೋಡಿದ್ದು ಕಡಿಮೆ. ಯಾಕೆಂದರೆ ಇಲ್ಲಿ ಊರಿಗೆಲ್ಲ ಮ್ಯಾಮೊಗ್ರಾಮ್ ಇಲ್ಲ. ಹೆಂಗಸರು ಗಂಟು ಹಿಡಿದುಕೊಂಡು ಬರುತ್ತಾರೆ, ಅದೂ ಮಗಳ ಮದುವೆ ಮುಗಿಯಲಿ, ಅಡಿಕೆ ಕೊಯ್ಲು ಮುಗಿಯಲಿ ಎಂದು ಆರು ತಿಂಗಳು ಕಾದು. 2022ರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಹೊಸದಾಗಿ ಸ್ತನ ಕ್ಯಾನ್ಸರ್ ಆಗುವವರು 1.92 ಲಕ್ಷ, ಸಾಯುವವರು ಸುಮಾರು 98 ಸಾವಿರ. ಅಮೆರಿಕದವರ ತಲೆನೋವು ಬೇಡದ್ದನ್ನೂ ಕತ್ತರಿಸುವುದು. ನಮ್ಮದು ಬೇಕಾದ್ದನ್ನೂ ಹೊತ್ತಿಗೆ ಕತ್ತರಿಸದಿರುವುದು. ಹಾಗಾಗಿ ದಯವಿಟ್ಟು ನಾನು ಹೇಳಿದ್ದನ್ನು ಕೈಗೆ ಸಿಗುವ ಗಂಟಿಗೆ ಅನ್ವಯಿಸಿಕೊಳ್ಳಬೇಡಿ. ಕಾದು ನೋಡುವ ಮಾತೆಲ್ಲ ರವೆಯದು, ಗಂಟಿನದಲ್ಲ.

ಮುಂಬಯಿಯ ಟಾಟಾ ಆಸ್ಪತ್ರೆಯವರು 1998ರಲ್ಲಿ ಶುರುಮಾಡಿದ ಅಧ್ಯಯನ ಇಲ್ಲಿ ನೆನಪಾಗುತ್ತದೆ. ಕೊಳೆಗೇರಿಗಳ 1,51,538 ಹೆಂಗಸರಲ್ಲಿ ಅರ್ಧ ಮಂದಿಗೆ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಸ್ತನ ಪರೀಕ್ಷೆ ಮಾಡಿದರು. ಯಂತ್ರ ಇಲ್ಲ. 20 ವರ್ಷದ ಲೆಕ್ಕ 2021ರಲ್ಲಿ ಬಂದಾಗ, ಕ್ಯಾನ್ಸರ್ ಇನ್ನೂ ಮುಂಚಿನ ಹಂತದಲ್ಲೇ ಸಿಕ್ಕಿತ್ತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು 30 ಶೇಕಡಾದಷ್ಟು ಇಳಿದಿತ್ತು. ಅದಕ್ಕಿಂತ ಕಿರಿಯರಲ್ಲಿ ಇಳಿಯಲಿಲ್ಲ ಅನ್ನುವುದನ್ನೂ ಹೇಳಬೇಕು. ಆದರೆ ಈಗ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲೂ ಹುಟ್ಟುಹಬ್ಬದ ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಮ್ಯಾಮೊಗ್ರಾಮ್ ಸೇರಿದೆ. ರವೆ ನಮ್ಮಲ್ಲೂ ಕಾಣತೊಡಗಿದೆ. ತಂಗಿಯ ಮಗಳ ಪ್ರಶ್ನೆ ನಿಮ್ಮ ಮನೆಗೂ ಬರುತ್ತದೆ.

ಒಂದು ಹೊಟ್ಟೆಯುರಿ ಇದೆ, ಹೇಳಿಬಿಡುತ್ತೇನೆ. ಪೇಜ್ ಅವರ 28 ಮಂದಿಯನ್ನು ಹುಡುಕಲು ಸಾಧ್ಯವಾದದ್ದು ಹಳೆಯ ಸ್ಲೈಡುಗಳನ್ನು ಯಾರೋ ಎಸೆಯದೆ ಇಟ್ಟಿದ್ದರಿಂದ. ಆಮ್‌ಸ್ಟರ್‌ಡಾಮ್, ಸ್ಟ್ಯಾನ್‌ಫರ್ಡಿನ ಕೆಲಸವೂ ಹಾಗೆಯೇ, ವರ್ಷಗಟ್ಟಲೆ ಕಾಪಾಡಿದ ಮೇಣದ ಬ್ಲಾಕುಗಳಿಂದ ಆದದ್ದು. ಕತ್ತರಿಸಿದ ಚೂರನ್ನು ನಾವು ಮೇಣದಲ್ಲಿ ಹೂತಿಡುತ್ತೇವೆ, ಬೆಂಕಿಪೆಟ್ಟಿಗೆಗಿಂತ ಚಿಕ್ಕದು. ನಾನು ಕೆಲಸ ಮಾಡಿದ ಒಂದು ಕಡೆ ಜಾಗ ಸಾಲದೆಂದು ಅವನ್ನು ಗೋಣಿಚೀಲಗಳಲ್ಲಿ ತುಂಬಿ ನೆಲಮಾಳಿಗೆಗೆ ಹಾಕಿದರು. ಒಂದು ಮಳೆಗಾಲ ನೀರು ನುಗ್ಗಿತು, ಕಾಗದದ ರಿಜಿಸ್ಟರುಗಳೆಲ್ಲ ಮುದ್ದೆಯಾದವು. ಬ್ಲಾಕುಗಳು ನೀರಿಗೆ ಕೆಡುವುದಿಲ್ಲ. ಆದರೆ ಯಾರ ಬ್ಲಾಕ್ ಯಾವುದು ಎಂದು ಹೇಳುವ ಪುಸ್ತಕವೇ ಹೋದಮೇಲೆ ಅವು ಬರೀ ಮೇಣ.

ತಂಗಿಯ ಮಗಳ ಸ್ಲೈಡುಗಳನ್ನು ಇನ್ನೊಬ್ಬ ಪೆಥಾಲಜಿಸ್ಟರಿಗೆ ತೋರಿಸು ಅಂದೆ. ಮೊದಲನೆಯವರು ಗ್ರೇಡ್ ಎರಡು ಎಂದಿದ್ದರು, ಎರಡನೆಯವರು ಮೂರು ಎಂದರು. ಅವಳು ಕಾಯಲಿಲ್ಲ, ಆ ಭಾಗ ತೆಗೆಸಿ ರೇಡಿಯೇಷನ್ ಮಾಡಿಸಿಕೊಂಡಳು. ತೆಗೆದದ್ದರಲ್ಲಿ ಎಲ್ಲೂ ಬದು ಒಡೆದಿರಲಿಲ್ಲ. ಆಪರೇಷನ್ನಿಗೆ ಮೊದಲು ಒಂದು ಕಾಗದ ಕೊಟ್ಟಿದ್ದರಂತೆ, ನಿಮ್ಮ ಅಂಗಾಂಶವನ್ನು ಸಂಶೋಧನೆಗೆ ಇಟ್ಟುಕೊಳ್ಳಬಹುದೇ ಎಂದು. ಸಹಿ ಹಾಕಲೋ ಬೇಡವೋ ಎಂದು ಮತ್ತೆ ಫೋನ್ ಮಾಡಿದ್ದಳು. ಆ ಸಲ ನಾನು ಸುಮ್ಮನಿರಲಿಲ್ಲ. "ಹಾಕು" ಅಂದೆ.